ಕಲ್ಲು, ಕಡತ, ಕಂಪ್ಯೂಟರ್: ಹೊಲಕ್ಕೆ ಸಾಕ್ಷಿ ಯಾರು?

ಎಐ ಇನ್ನೇನು ಜಡ್ಜ್ ಕುರ್ಚಿಯಲ್ಲೇ ಕೂರುತ್ತದಂತೆ ಎಂಬ ಸುದ್ದಿ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಆಗಾಗ ಬರುತ್ತದೆ. ಅದು ದಿಲ್ಲಿ, ಬೆಂಗಳೂರಿನ ಮಾತು ಎಂದು ಜನ ಬೆರಳು ಸರಿಸಿ ಮುಂದೆ ಹೋಗುತ್ತಾರೆ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯವರಿಗೆ ಕಾನೂನಿನೊಳಗೆ ಕಂಪ್ಯೂಟರ್ ಬಂದದ್ದು ಹೊಸ ವಿಷಯವೇ ಅಲ್ಲ. ಅದು ಕೋರ್ಟಿನ ಬಾಗಿಲಿಂದ ಬರಲಿಲ್ಲ, ತಾಲ್ಲೂಕು ಕಚೇರಿಯ ಕಿಟಕಿಯಿಂದ ಬಂತು. ಸುಮಾರು ಇಪ್ಪತ್ತೈದು ವರ್ಷದ ಹಿಂದೆ, ಪಹಣಿಯ ರೂಪದಲ್ಲಿ.

ನಮ್ಮ ಕಡೆ ಜನ ಕೋರ್ಟು ಹತ್ತುವುದು ಹೆಚ್ಚಾಗಿ ಹೊಲದ ಸಲುವಾಗಿಯೇ. ಬದು ಒತ್ತಿದ್ದು, ಗಾಡಿದಾರಿ ಮುಚ್ಚಿದ್ದು, ಅಣ್ಣತಮ್ಮಂದಿರ ಪಾಲು, ಹೆಣ್ಣುಮಕ್ಕಳ ಹಕ್ಕು, ಬಗರ್‌ಹುಕುಂ ಸಾಗುವಳಿ. ಹಾಗಾಗಿ ಕಾನೂನು ಮತ್ತು ಕಂಪ್ಯೂಟರ್ ಚರಿತ್ರೆಯನ್ನು ನಾವು ಹೊಲದಿಂದಲೇ ಶುರು ಮಾಡಬೇಕು. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ, ಒಂಬೈನೂರು ವರ್ಷದಷ್ಟು.

ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತ ‘ಮಿತಾಕ್ಷರ’ ಬರೆದ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವಿವರಣೆ. ಅವಿಭಕ್ತ ಕುಟುಂಬದ ಆಸ್ತಿ ಭಾಗದ ದಾವೆಗಳಲ್ಲಿ ಆ ಹೆಸರು ಇವತ್ತಿಗೂ ಕೇಳುತ್ತದೆ. ವ್ಯಾಜ್ಯ ಬಂದಾಗ ಯಾವುದನ್ನು ನಂಬಬೇಕು ಎಂಬುದಕ್ಕೆ ಅಲ್ಲಿ ಮೂರು ಪ್ರಮಾಣಗಳಿವೆ: ಲಿಖಿತ, ಭುಕ್ತಿ, ಸಾಕ್ಷಿ. ಲಿಖಿತ ಎಂದರೆ ಬರೆದಿಟ್ಟ ಪತ್ರ. ಭುಕ್ತಿ ಎಂದರೆ ಅನುಭವ, ಅಂದರೆ ಹೊಲ ಯಾರ ಕೈಯಲ್ಲಿದೆ, ಯಾರು ಉತ್ತು ಬಿತ್ತಿ ಉಣ್ಣುತ್ತಿದ್ದಾರೆ ಎಂಬುದು. ಸಾಕ್ಷಿ ಎಂದರೆ ಕಣ್ಣಾರೆ ಕಂಡ ಮನುಷ್ಯರು. ಈ ಮೂರೂ ಸಿಗದಾಗ ಮಾತ್ರ ದಿವ್ಯ, ಬೆಂಕಿ-ನೀರಿನ ಪರೀಕ್ಷೆ.

ಈ ಮೂರು ಪದಗಳನ್ನು ನೆನಪಿಟ್ಟುಕೊಂಡು ಮುಂದೆ ಓದಿ. ಕಲ್ಲಿನಿಂದ ಕಂಪ್ಯೂಟರಿನವರೆಗೆ ನಡೆದದ್ದೆಲ್ಲ ಈ ಮೂವರ ನಡುವಿನ ಮೇಲಾಟವೇ.

ನ್ಯಾಮತಿ ತಾಲ್ಲೂಕಿನ ಬೆಳಗುತ್ತಿ ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ. ಆ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟದಲ್ಲಿ ಸೇರಿಸಿದರು. ಹೊನ್ನಾಳಿ, ಚನ್ನಗಿರಿ ಎರಡೂ ತಾಲ್ಲೂಕಿನ ಕಲ್ಲುಗಳು ಅದರಲ್ಲಿವೆ. ಜಗಳೂರಿನವು ಚಿತ್ರದುರ್ಗ ಜಿಲ್ಲೆಯ ಹನ್ನೊಂದನೇ ಸಂಪುಟದಲ್ಲಿ. ನಿಮ್ಮೂರ ಗುಡಿಯ ಪಕ್ಕ ಅರ್ಧ ಹೂತ ಕಲ್ಲಿನ ಪಾಠ ಅಲ್ಲಿ ಸಿಕ್ಕರೂ ಸಿಗಬಹುದು.

ಭೂದಾನದ ಶಾಸನ ಓದಿದರೆ ಅದು ಒಂದು ಪಹಣಿಯೇ ಅನಿಸುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು ಗದ್ದೆ, ಎಷ್ಟು ಬೆದ್ದಲು, ಮೂಡಲಿಗೆ ಏನು, ಪಡುವಲಿಗೆ ಏನು ಎಂಬ ಚಕ್ಕುಬಂದಿ. ಸೂರ್ಯಚಂದ್ರರು ಇರುವ ತನಕ ನಡೆಯಲಿ ಎಂಬ ಮಾತು. ಕೊನೆಗೆ, ಕಿತ್ತುಕೊಂಡವನಿಗೆ ಶಾಪ. ಪೊಲೀಸು, ಅಮೀನು ಇಲ್ಲದ ಕಾಲದಲ್ಲಿ ಶಾಪವೇ ಜಾರಿ ವ್ಯವಸ್ಥೆ. ನನಗೆ ಇದರಲ್ಲಿ ಮುಖ್ಯ ಅನಿಸುವುದು ಬೇರೆ. ಆ ಲಿಖಿತ ಊರ ನಡುವೆ, ಎಲ್ಲರ ಕಣ್ಣ ಮುಂದೆ ನಿಂತಿತ್ತು. ಬರಹವೂ ಅದೇ, ಊರ ಸಾಕ್ಷಿಯೂ ಅಲ್ಲೇ. ರಾತ್ರೋರಾತ್ರಿ ತಿದ್ದಬೇಕೆಂದರೆ ಉಳಿ ಸುತ್ತಿಗೆ ಬೇಕು, ಸದ್ದಾಗುತ್ತದೆ.

ಕಡತಕ್ಕೆ ಬಂದಾಗ ಸದ್ದು ನಿಂತಿತು. ಹಳೆಯ ಕಡತ ಎಂದರೆ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಕಪ್ಪು ಮಾಡಿ, ಮಡಚಿ, ಬಳಪದಲ್ಲಿ ಬರೆಯುವ ಪುಸ್ತಕ. ಒರೆಸಿದರೆ ಹೋಗುತ್ತದೆ, ಮತ್ತೆ ಬರೆಯಬಹುದು. ಅದು ಶಾನುಭೋಗರ ಮನೆಯಲ್ಲಿರುತ್ತಿತ್ತು, ಮುಂದೆ ಕಾಗದ ಬಂದಮೇಲೂ ಲೆಕ್ಕದ ಪುಸ್ತಕ ಅವರ ಮನೆಯದೇ. ಓದುಬರಹ ಬಲ್ಲವರು ಊರಿಗೆ ಒಂದಿಬ್ಬರು. ಲಿಖಿತ ಏನು ಹೇಳುತ್ತದೆ ಎಂದು ತಿಳಿಯಲು ಲಿಖಿತ ಬರೆದವರನ್ನೇ ಕೇಳಬೇಕು. ಎಲ್ಲ ಶಾನುಭೋಗರೂ ಮೋಸಗಾರರೇನಲ್ಲ, ಹಳ್ಳಿಯ ಇಂಚಿಂಚು ನೆಲ ಬಾಯಲ್ಲೇ ಹೇಳಬಲ್ಲ ಪ್ರಾಮಾಣಿಕರಿದ್ದರು. ತೊಂದರೆ ಏನೆಂದರೆ, ಪ್ರಾಮಾಣಿಕರೋ ಅಲ್ಲವೋ ಎಂದು ಪರೀಕ್ಷಿಸುವ ದಾರಿ ರೈತನಿಗೆ ಇರಲಿಲ್ಲ.

ವಂಶಪಾರಂಪರ್ಯದ ಈ ಹುದ್ದೆಗಳನ್ನು 1961ರ ಕಾಯ್ದೆಯಿಂದ ತೆಗೆದುಹಾಕಿದರು. 1963ರ ಫೆಬ್ರುವರಿ 1ರಿಂದ ಅದು ಜಾರಿಗೆ ಬಂತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಮರುವರ್ಷ, 1964ರಲ್ಲಿ, ಕರ್ನಾಟಕ ಭೂಕಂದಾಯ ಕಾಯ್ದೆ. ಅದರ 133ನೇ ಸೆಕ್ಷನ್ ಇಡೀ ಈ ಕತೆಯ ಗೂಟ. ಹಕ್ಕು ದಾಖಲೆಯಲ್ಲಿ ಬರೆದ ನಮೂದನ್ನು, ತಪ್ಪೆಂದು ಸಾಬೀತಾಗುವ ತನಕ ಅಥವಾ ಕಾನೂನು ಪ್ರಕಾರ ಬೇರೆ ನಮೂದು ಬರುವ ತನಕ, ನಿಜವೆಂದೇ ತಿಳಿಯಬೇಕು ಎನ್ನುತ್ತದೆ ಆ ಸೆಕ್ಷನ್.

ಅಂದರೆ ಪಹಣಿಯಲ್ಲಿ ಹೆಸರಿದ್ದವನು ಸುಮ್ಮನೆ ಕೂರಬಹುದು. ಹೆಸರಿಲ್ಲದವನು ಓಡಾಡಬೇಕು, ವಕೀಲರನ್ನು ಹಿಡಿಯಬೇಕು, ಸಾಕ್ಷಿ ತರಬೇಕು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಖಾತೆ ಬದಲಾದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಮಾಲೀಕತ್ವ ತೀರ್ಮಾನಿಸುವುದು ಸಿವಿಲ್ ಕೋರ್ಟ್. ಆದರೆ ಸಿವಿಲ್ ಕೋರ್ಟಿನ ವಾಯಿದೆಗಳು ಎಷ್ಟು ವರ್ಷ ನಡೆಯುತ್ತವೆ ಎಂದು ಅನುಭವಿಸಿದವರಿಗೆ ಗೊತ್ತು. ಅಷ್ಟು ವರ್ಷವೂ ಪಹಣಿ ಇದ್ದವನದೇ ಮಾತು: ಸಾಲ ಅವನಿಗೆ, ಬೆಳೆ ಪರಿಹಾರ ಅವನಿಗೆ.

1974ರಲ್ಲಿ ಭೂಸುಧಾರಣೆ ತಿದ್ದುಪಡಿ ಬಂದಾಗ ಪಹಣಿಯ ಒಂದು ಕಾಲಂ ಊರೂರಿನ ಹಣೆಬರಹ ಬರೆಯಿತು. ಒಂಬತ್ತನೇ ಕಾಲಂನಲ್ಲಿ ಖಾತೆದಾರನ ಹೆಸರು, ಹನ್ನೆರಡರ ಎರಡರಲ್ಲಿ ಸಾಗುವಳಿದಾರನ ಹೆಸರು. ಗೇಣಿದಾರರು ಏಳನೇ ನಮೂನೆಯ ಅರ್ಜಿ ಹಾಕಿದಾಗ ಎಲ್ಲರೂ ಹುಡುಕಿದ್ದು ಆ ಹನ್ನೆರಡನೇ ಕಾಲಂ. ಅಲ್ಲಿ ಹೆಸರಿದ್ದವನ ಹಾದಿ ಸಲೀಸು. ಇಲ್ಲದವನ ಪರವಾಗಿ ಪಕ್ಕದ ಹೊಲದವರು ಬಂದು ‘ಇವನೇ ಉಳುತ್ತಿದ್ದ’ ಎನ್ನಬೇಕಿತ್ತು. ಭೂನ್ಯಾಯ ಮಂಡಳಿಯಲ್ಲಿ ಅಧ್ಯಕ್ಷರು ಉಪವಿಭಾಗಾಧಿಕಾರಿ, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಆ ಮಂಡಳಿಗಳ ಮೇಲೆ ಬೇಕಾದಷ್ಟು ಟೀಕೆ ಇವೆ, ರಾಜಕೀಯವೂ ನಡೆದಿದೆ. ಆದರೂ ಲಿಖಿತ ಸುಳ್ಳು ಹೇಳಿದಾಗ ಭುಕ್ತಿಯನ್ನೂ ಸಾಕ್ಷಿಯನ್ನೂ ಕೇಳುವ ಜಾಗ ಅದಾಗಿತ್ತು.

ಈಗ ಕಂಪ್ಯೂಟರ್.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿತು. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು, ನಮ್ಮ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಹೊಸ ಜಿಲ್ಲೆ ಇನ್ನೂ ಕಾಲೂರುವ ಹೊತ್ತಿಗೆ ‘ಭೂಮಿ’ ಯೋಜನೆ ಬಂತು. ತಂತ್ರಾಂಶ ಬರೆದದ್ದು ಕೇಂದ್ರದ ಎನ್‌ಐಸಿ, ಕಂದಾಯ ಇಲಾಖೆಯಲ್ಲಿ ಅದನ್ನು ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದ್ದವು. ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಪಹಣಿ. ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ತಾಲ್ಲೂಕಿನಿಂದ ತಾಲ್ಲೂಕಿಗೆ ಘೋಷಿಸುತ್ತ ಹೋದರು.

ಪಹಣಿ ಪ್ರಿಂಟ್ ಬಂದದ್ದಷ್ಟೇ ಎಲ್ಲರಿಗೂ ನೆನಪಿದೆ. ಆದರೆ ದೊಡ್ಡ ಬದಲಾವಣೆ ಇದ್ದದ್ದು ಮ್ಯುಟೇಶನ್‌ನಲ್ಲಿ, ಅಂದರೆ ಖಾತೆ ಬದಲಾವಣೆಯಲ್ಲಿ. ಕಾಯ್ದೆಯಲ್ಲಿದ್ದ ಹೆಜ್ಜೆಗಳನ್ನೇ ತಂತ್ರಾಂಶದೊಳಗೆ ಕೂರಿಸಿದರು. ಅರ್ಜಿ ಬಂದರೆ ನೋಟಿಸು. ನೋಟಿಸಿಗೆ 30 ದಿನ. ತಕರಾರು ಬಂದರೆ ಒಂದು ದಾರಿ, ಬಾರದಿದ್ದರೆ ಕಂದಾಯ ನಿರೀಕ್ಷಕರ ಮುಂದೆ ಇನ್ನೊಂದು ದಾರಿ. ಮೊದಲು ಬಂದ ಅರ್ಜಿಗೆ ಮೊದಲ ಸರದಿ. ಬೇಕಾದವರದನ್ನು ಮೇಲೆ ಎಳೆದು, ಬೇಡದವರದನ್ನು ಕಟ್ಟಿನ ಕೆಳಗೆ ಇಡುವ ಹಳೆ ಚಾಳಿಗೆ ತಂತ್ರಾಂಶ ಅಡ್ಡ ನಿಂತಿತು. ಒಳಗೆ ಹೋಗಬೇಕಾದರೆ ಸಿಬ್ಬಂದಿ ಬೆರಳಚ್ಚು ಒತ್ತಬೇಕು, ಯಾರು ಯಾವಾಗ ಏನು ಮಾಡಿದರು ಎಂಬುದು ಅಲ್ಲೇ ಉಳಿಯುತ್ತದೆ.

ಇದನ್ನು ಯಾರೂ ಆಗ ಎಐ ಎಂದು ಕರೆಯಲಿಲ್ಲ. ಆದರೆ 1986ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ರಾಬರ್ಟ್ ಕೊವಾಲ್ಸ್ಕಿ, ಮರೆಕ್ ಸರ್ಗಟ್ ಮತ್ತು ಜೊತೆಗಾರರು ಬ್ರಿಟನ್ನಿನ ಪೌರತ್ವ ಕಾಯ್ದೆಯನ್ನು ‘ಹೀಗಿದ್ದರೆ ಹಾಗೆ’ ಎಂಬ ನಿಯಮಗಳಾಗಿ ಕಂಪ್ಯೂಟರಿನಲ್ಲಿ ಬರೆದು ಒಂದು ಲೇಖನ ಪ್ರಕಟಿಸಿದರು. ಕಾನೂನು ಮತ್ತು ಎಐ ಚರಿತ್ರೆ ಬರೆಯುವವರು ಅದನ್ನು ಮೈಲಿಗಲ್ಲು ಎನ್ನುತ್ತಾರೆ. ಕಾಯ್ದೆಯ ಒಂದು ತುಂಡನ್ನು ನಿಯಮಗಳಾಗಿ ಒಡೆದು ಯಂತ್ರಕ್ಕೆ ಕೊಡುವ ಆ ಕೆಲಸವನ್ನೇ ‘ಭೂಮಿ’ ಕೋಟಿಗಟ್ಟಲೆ ಪಹಣಿಗಳ ಮೇಲೆ ಮಾಡಿತು. ಅಲ್ಲಿ ಅದು ಪ್ರಯೋಗ, ಇಲ್ಲಿ ಬದುಕು.

ಲಾಭ ನಿಜವಾದದ್ದು. ಪಹಣಿಗಾಗಿ ಯಾರದೋ ಮನೆ ಬಾಗಿಲು ಕಾಯುವುದು ತಪ್ಪಿತು. ಯಾವ ಜಾತಿಯವನಾದರೂ, ಹೆಂಗಸಾದರೂ, ಕಿಟಕಿಯಲ್ಲಿ ಸರ್ವೆ ನಂಬರ್ ಹೇಳಿದರೆ ಕಾಗದ ಸಿಕ್ಕಿತು. ಇದನ್ನು ಸಣ್ಣದೆಂದು ಹೇಳುವವರು ಆ ಬಾಗಿಲು ಕಾದವರಲ್ಲ.

ಆದರೆ 133ನೇ ಸೆಕ್ಷನ್ ಹಾಗೇ ಇತ್ತು. ಅಕ್ಷರ ಬದಲಾದವು, ಅಕ್ಷರಕ್ಕೆ ಕಾನೂನು ಕೊಟ್ಟ ಬಲ ಬದಲಾಗಲಿಲ್ಲ. ಕೈಬರಹದ ಪಹಣಿಯಲ್ಲಿ ತಪ್ಪಿದ್ದರೆ ಅದರ ಗುರುತೂ ಇರುತ್ತಿತ್ತು: ಹೊಡೆದು ಹಾಕಿದ ಗೆರೆ, ಬೇರೆ ಶಾಯಿ, ಬೇರೆ ಕೈ. ವಕೀಲರು ಅದನ್ನು ತೋರಿಸಿ ವಾದಿಸಬಹುದಿತ್ತು. ಕಂಪ್ಯೂಟರಿಗೆ ಹಾಕುವಾಗ ಆ ತಪ್ಪೂ ಅಚ್ಚುಕಟ್ಟಾದ ಅಕ್ಷರದಲ್ಲಿ ಬಂತು. ‘ಬಿನ್’ ಇರಬೇಕಾದಲ್ಲಿ ‘ಕೋಂ’ ಆಗಿದ್ದು, ಬಸಪ್ಪ ಬಸವಪ್ಪ ಆಗಿದ್ದು, ಗುಂಟೆ ಲೆಕ್ಕ ತಿರುಗುಮುರುಗಾದದ್ದು ಊರೂರಲ್ಲಿ ಕೇಳುವ ಗೋಳು. ತಪ್ಪು ಟೈಪ್ ಮಾಡಿದವರು ಯಾರೋ, ತಿದ್ದಿಸಲು ಅಲೆಯುವವನು ರೈತ. ಹೀಗಾದಾಗ ಮೊದಲು ಮಾಡಬೇಕಾದದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹಳೆಯ ಕೈಬರಹದ ಪಹಣಿ ಮತ್ತು ಎಂ.ಆರ್. ನಕಲು ತೆಗೆಸುವುದು. ಕಂಪ್ಯೂಟರ್ ಪಹಣಿಯ ಅಪ್ಪ ಅದೇ. ‘ಭೂ ಸುರಕ್ಷಾ’ ಯೋಜನೆಯಲ್ಲಿ ಆ ಹಳೆ ಕಾಗದಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸ, ಏಕೆಂದರೆ ಗೆದ್ದಲಿಗೆ ಸೆಕ್ಷನ್ ಗೊತ್ತಿಲ್ಲ.

ಹಳೆ ಕಾಗದ ಹುಡುಕುವಾಗ ನ್ಯಾಮತಿಯವರಿಗೆ ಇನ್ನೊಂದು ತಿರುವು. ಬೆಳಗುತ್ತಿಯ ಒಂದು ಹೊಲವನ್ನೇ ತೆಗೆದುಕೊಳ್ಳಿ. 1997ರ ಮೊದಲಿನ ಕಾಗದದಲ್ಲಿ ಅದು ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲ್ಲೂಕು. ಆಮೇಲೆ ದಾವಣಗೆರೆ ಜಿಲ್ಲೆ, ಹೊನ್ನಾಳಿ ತಾಲ್ಲೂಕು. ನ್ಯಾಮತಿ ತಾಲ್ಲೂಕಾದ ಮೇಲೆ ಮೂರನೇ ವಿಳಾಸ. ಹೊಲ ಒಂದಿಂಚೂ ಸರಿದಿಲ್ಲ. ಊರಿನ ಹಿರಿಯರಿಗೆ ಇದು ವಿವರಿಸಬೇಕಾದ ವಿಷಯವೇ ಅಲ್ಲ. ಯಂತ್ರಕ್ಕೆ ಮಾತ್ರ ಯಾರಾದರೂ ಹೇಳಿಕೊಡದ ಹೊರತು ಇವು ಮೂರು ಬೇರೆ ಬೇರೆ ಜಾಗ.

ಪೈಕಿ ನಂಬರಿನ ಕತೆ ಇದಕ್ಕಿಂತ ದೊಡ್ಡದು. ಗೋಮಾಳದ ಒಂದು ದೊಡ್ಡ ಸರ್ವೆ ನಂಬರಿನಲ್ಲಿ ಹತ್ತಾರು ಬಡವರಿಗೆ ಎರಡೆರಡು ಎಕರೆ ಮಂಜೂರಾಗಿರುತ್ತದೆ. ಅಳತೆ ಮಾಡಿ, ದುರಸ್ತಿ, ಪೋಡಿ ಮಾಡಿ ಪ್ರತ್ಯೇಕ ಹಿಸ್ಸಾ ನಂಬರ್ ಕೊಡಬೇಕಿತ್ತು. ಎಷ್ಟೋ ಕಡೆ ಕೊಡಲಿಲ್ಲ. ಕೈಬರಹದ ಕಾಲದಲ್ಲಿ ‘ಸರ್ವೆ ನಂಬರ್ ಇಂತಿಷ್ಟು ಪೈಕಿ’ ಎಂದು ಬರೆದು ಬಿಟ್ಟರು. ಕಂಪ್ಯೂಟರಿಗೆ ‘ಪೈಕಿ’ ಎಂಬ ಮೋಘಂ ಮಾತು ಆಗದು, ಪ್ರತಿ ಪಹಣಿಗೂ ಬೇರೆ ಗುರುತು ಬೇಕು. ಹಾಗೆ ಪಿ1, ಪಿ2, ಪಿ3 ಬಂದವು. ಕಾಗದದ ಮೇಲೆ ಪಿ2 ಎಂಬುದು ಪಕ್ಕಾ ತುಂಡಿನಂತೆ ಕಾಣುತ್ತದೆ. ನೆಲದ ಮೇಲೆ ಪಿ2 ಎಲ್ಲಿ ಮುಗಿದು ಪಿ3 ಎಲ್ಲಿ ಶುರು ಎಂದು ಅಳೆದವರಿಲ್ಲ. ನೂರು ಎಕರೆಯ ಸರ್ವೆ ನಂಬರಿನ ಪೈಕಿ ಪಹಣಿಗಳನ್ನೆಲ್ಲ ಕೂಡಿದರೆ ನೂರಿಪ್ಪತ್ತು ಎಕರೆ ಆಗುವಂಥ ಜಾಗಗಳೂ ಇವೆ. ಆಕಾರ್‌ಬಂದ್ ಒಂದು ಹೇಳುತ್ತದೆ, ಪಹಣಿ ಇನ್ನೊಂದು. ದರಖಾಸ್ತು ಪೋಡಿ ಅಭಿಯಾನ ಈಚೆಗೆ ಶುರುವಾದದ್ದು ಈ ಗಂಟು ಬಿಚ್ಚಲಿಕ್ಕೆ. ಅರ್ಧಮರ್ಧ ಗೊತ್ತಿದ್ದುದನ್ನು ಪೂರಾ ಗೊತ್ತಿರುವಂತೆ ತೋರಿಸುವ ಗುಣ ಕಂಪ್ಯೂಟರಿಗೆ ಎಐ ಬರುವ ಮೊದಲೇ ಇತ್ತು ಎಂಬುದಕ್ಕೆ ಪಿ ನಂಬರಿಗಿಂತ ಉದಾಹರಣೆ ಬೇಕಿಲ್ಲ.

ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ‘ಭೂಮಿ’ ಬಗ್ಗೆ ಬರೆದ ಅಧ್ಯಯನ ಇನ್ನೂ ಕಟುವಾಗಿತ್ತು. ದಾಖಲೆ ಒಂದೇ ಕಡೆ ಸೇರಿದ್ದರಿಂದ ಬೆಂಗಳೂರು ಸುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಹೆಚ್ಚು ಅನುಕೂಲವಾಯಿತು, ಊರ ಮಟ್ಟದಲ್ಲಿ ಮಾತಾಡಿ ಸರಿಮಾಡಿಕೊಳ್ಳುವ ಬಡವರ ದಾರಿ ಕಿರಿದಾಯಿತು ಎಂಬುದು ಅವರ ವಾದ. ಜಗಳೂರಿನ ಮಳೆಯಾಶ್ರಿತ ಹೊಲಕ್ಕೆ ಬೆಂಗಳೂರಿನ ಮಾತು ಹಾಗೇ ಹೊಂದುವುದಿಲ್ಲ. ಆದರೂ ಮೂರು ಪ್ರಮಾಣದ ಲೆಕ್ಕದಲ್ಲಿ ನೋಡಿದರೆ ಅವರ ಮಾತು ತೂಕದ್ದೇ. ಲಿಖಿತಕ್ಕೆ ಬಲ ಬಂತು, ಭುಕ್ತಿ ಮತ್ತು ಸಾಕ್ಷಿ ಹಿಂದೆ ಸರಿದವು.

ಈಗ ಯಂತ್ರ ಭುಕ್ತಿಯ ಬಗ್ಗೆಯೂ ಮಾತಾಡತೊಡಗಿದೆ. ಬಗರ್‌ಹುಕುಂ ಎಂದರೆ ಹುಕುಂ ಇಲ್ಲದೆ, ಅಂದರೆ ಆದೇಶವಿಲ್ಲದೆ ಮಾಡಿದ ಸಾಗುವಳಿ. ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಫಾರಂ 50, 53, 57 ಎಂಬ ಸಂಖ್ಯೆಗಳನ್ನು ವಿವರಿಸಬೇಕಿಲ್ಲ. ಫಾರಂ 57ರ ಅರ್ಜಿದಾರ 2005ರ ಜನವರಿ 1ಕ್ಕೆ ಮೊದಲೇ ಸಾಗುವಳಿಯಲ್ಲಿದ್ದನೆಂದು ತೋರಿಸಬೇಕು. ಕಂದಾಯ ಇಲಾಖೆ ತಂದ ಬಗರ್‌ಹುಕುಂ ಆ್ಯಪ್‌ನಲ್ಲಿ ಗ್ರಾಮ ಆಡಳಿತ ಅಧಿಕಾರಿ ಜಮೀನಿಗೆ ಹೋಗಿ ಅದರ ಗಡಿಯನ್ನು ಗುರುತಿಸುತ್ತಾರೆ, ಆ ಜಾಗ ಅಂದು ಸಾಗುವಳಿಯಲ್ಲಿತ್ತೇ ಎಂದು ಹಳೆಯ ಉಪಗ್ರಹ ಚಿತ್ರ ನೋಡಿ ತಾಳೆ ಮಾಡುತ್ತಾರೆ.

ಸುಳ್ಳು ಅರ್ಜಿಗಳಿಗೆ ಇದು ಕಡಿವಾಣ. ಕಲ್ಲುಗುಡ್ಡವನ್ನೋ ಕೆರೆಯಂಗಳವನ್ನೋ ಮೂವತ್ತು ವರ್ಷದಿಂದ ಉಳುತ್ತಿದ್ದೇನೆ ಎನ್ನುವವರ ಆಟ ಇನ್ನು ನಡೆಯದು. ಆದರೆ ಆಕಾಶದಿಂದ ತೆಗೆದ ಚಿತ್ರ ಹೇಳುವುದು ಇಷ್ಟೇ: ಇಲ್ಲಿ ಉಳುಮೆಯಾಗಿತ್ತು, ಅಥವಾ ಆಗಿರಲಿಲ್ಲ. ಉತ್ತವರು ಯಾರು ಎಂದು ಅದು ಹೇಳಲಾರದು. ದೊಡ್ಡ ಹಿಡುವಳಿಯವರ ಟ್ರ್ಯಾಕ್ಟರ್ ಗೆರೆಯೂ ಕೂಲಿಯವನ ಗುಂಟೆಯ ಗೆರೆಯೂ ಮೇಲಿಂದ ಒಂದೇ. ಜಗಳೂರಿನಂಥ ಕಡೆ ಮಳೆ ಕೈಕೊಟ್ಟ ವರ್ಷ ಹೊಲ ಬೀಳುಬಿದ್ದಿದ್ದರೆ ಚಿತ್ರಕ್ಕೆ ಅದು ಬರೀ ಬಯಲು. ಬರಗಾಲವಿತ್ತು ಎಂದು ಹೇಳಲು ಪಕ್ಕದ ಹೊಲದ ಅಜ್ಜನೇ ಬೇಕು. ಆದ್ದರಿಂದ ಚಿತ್ರ ನಿಮ್ಮ ವಿರುದ್ಧ ಬಂತೆಂದು ಸುಮ್ಮನಾಗಬೇಡಿ. ದಂಡದ ರಶೀದಿ, ಹಳೆ ಮಹಜರು, ಅಕ್ಕಪಕ್ಕದವರ ಹೇಳಿಕೆ ಎಲ್ಲವನ್ನೂ ಅರ್ಜಿಗೆ ಜೋಡಿಸಿ. ಬೆಳೆ ಸಮೀಕ್ಷೆ ಆ್ಯಪ್ ವಿಷಯದಲ್ಲೂ ಇದೇ ಎಚ್ಚರ ಬೇಕು. ವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಇನ್ನೊಂದು ಆದರೆ ಪರಿಹಾರಕ್ಕೆ ತಡೆ ಬೀಳುತ್ತದೆ.

ಕೋರ್ಟುಗಳ ಕತೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅಲ್ಲಿ ಕಂಪ್ಯೂಟರ್ ಬಹಳ ಕಾಲ ಗುಮಾಸ್ತನಾಗಿಯೇ ಇತ್ತು. 1990ರ ದಶಕದಲ್ಲಿ ಸುಪ್ರೀಂ ಕೋರ್ಟ್ ಒಂದೇ ಕಾನೂನು ಪ್ರಶ್ನೆ ಇರುವ ಕೇಸುಗಳನ್ನು ಕಂಪ್ಯೂಟರಿನಿಂದ ಗುಂಪು ಮಾಡಿ ಒಟ್ಟಿಗೆ ವಿಚಾರಣೆಗೆ ತಂದಿತು. ದಶಕದ ಆರಂಭದಲ್ಲಿ ಒಂದು ಲಕ್ಷ ದಾಟಿದ್ದ ಬಾಕಿ, ಕೊನೆಯ ಹೊತ್ತಿಗೆ 20 ಸಾವಿರದ ಸುತ್ತ ಇಳಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಗುಂಪು ಮಾಡಿದ್ದು ಒಂದು ದೊಡ್ಡ ಕಾರಣ. 2007ರಲ್ಲಿ ಇ-ಕೋರ್ಟ್ಸ್ ಯೋಜನೆ ಶುರುವಾಗಿ ತಾಲ್ಲೂಕು ಕೋರ್ಟುಗಳಿಗೂ ಬಂತು. ನಿಮ್ಮ ಕೇಸಿಗೆ ಹದಿನಾರು ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ ಇದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಹಿಂದಿನ ವಾಯಿದೆಯಲ್ಲಿ ಏನಾಯಿತು ಎಂದು ನಿಮಗೇ ಕಾಣುತ್ತದೆ. ಯೋಜನೆಯ ಮೂರನೇ ಹಂತಕ್ಕೆ 2023ರಲ್ಲಿ ಕೇಂದ್ರ 7,210 ಕೋಟಿ ರೂಪಾಯಿ ಒಪ್ಪಿತು, ಅದರಲ್ಲಿ 53.57 ಕೋಟಿ ಎಐನಂಥ ಹೊಸ ತಂತ್ರಜ್ಞಾನಕ್ಕೆ.

ಸುಪ್ರೀಂ ಕೋರ್ಟ್ 2019ರಲ್ಲಿ ‘ಸುವಾಸ್’ ಎಂಬ ಅನುವಾದ ತಂತ್ರಾಂಶ ತಂದಿತು, ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಹೊನ್ನಾಳಿಯಲ್ಲಿ ಕನ್ನಡದಲ್ಲಿ ನಡೆದ ದಾವೆ ಹೈಕೋರ್ಟಿಗೆ ಹೋಗಿ ಇಂಗ್ಲಿಷ್ ಆಗುತ್ತದೆ. ಗೆದ್ದೆವೋ ಸೋತೆವೋ ಎಂಬುದನ್ನೂ ವಕೀಲರ ಬಾಯಿಂದಲೇ ಕೇಳಬೇಕು. ಆದ್ದರಿಂದ ಅನುವಾದದ ಯಂತ್ರ ನಮಗೆ ಬೇಕು. ಆದರೆ ಕಾನೂನಿನ ಮಾತು ಜಾರುವ ಮಾತು. ‘ಲೀವ್ ಗ್ರಾಂಟೆಡ್’ ಎಂದರೆ ಮೇಲ್ಮನವಿ ಸಲ್ಲಿಸಲು ಅನುಮತಿ ಕೊಟ್ಟಿದೆ ಎಂದರ್ಥ. ಯಂತ್ರ ಅದನ್ನು ರಜೆ ಮಂಜೂರಾಗಿದೆ ಎಂದು ಮಾಡಿದ ಉದಾಹರಣೆಯನ್ನು ನ್ಯಾಯಮೂರ್ತಿಗಳೇ ಹೇಳಿ ನಕ್ಕಿದ್ದಾರೆ. ಅದಕ್ಕೇ ಅನುವಾದವನ್ನು ಮನುಷ್ಯರು ಓದಿ ತಿದ್ದಬೇಕು ಎಂಬ ನಿಯಮವಿದೆ.

2022ರ ಕೊನೆಗೆ ಚಾಟ್‌ಜಿಪಿಟಿ ಬಂದಮೇಲೆ ಆಟವೇ ಬೇರೆಯಾಯಿತು. ‘ಭೂಮಿ’ ಪೆಟ್ಟಿಗೆಯಲ್ಲಿಟ್ಟ ಕಾಗದವನ್ನು ತೆಗೆದುಕೊಡುವ ಯಂತ್ರ. ಚಾಟ್‌ಜಿಪಿಟಿಯಂಥದ್ದು ಕಾಗದ ಹುಡುಕುವ ಯಂತ್ರವೇ ಅಲ್ಲ. ರಾಶಿಗಟ್ಟಲೆ ಬರಹ ಓದಿ, ಈ ಮಾತಿನ ನಂತರ ಯಾವ ಮಾತು ಬರುವುದು ಸಹಜ ಎಂದು ಅಂದಾಜು ಮಾಡಿ ಬರೆಯುತ್ತಾ ಹೋಗುತ್ತದೆ. ಕೋರ್ಟ್ ತೀರ್ಪಿನ ಉಲ್ಲೇಖಕ್ಕೆ ಒಂದು ಕಟ್ಟು ಇದೆ: ಇಂಥವರು ವಿರುದ್ಧ ಇಂಥವರು, ವರ್ಷ, ಸಂಪುಟ, ಪುಟ. ಆ ಕಟ್ಟನ್ನು ಅನುಕರಿಸುವುದು ಅದಕ್ಕೆ ಬಲು ಸುಲಭ. ಹಾಗಾಗಿ ಎಂದೂ ನಡೆಯದ ಕೇಸಿನ ಹೆಸರು, ಎಂದೂ ಅಚ್ಚಾಗದ ಪುಟದ ಸಂಖ್ಯೆ ಚೊಕ್ಕವಾಗಿ ಬರುತ್ತವೆ. ಸುಳ್ಳು ಹೇಳಬೇಕೆಂದಲ್ಲ, ನಿಜ ಯಾವುದು ಎಂಬ ಲೆಕ್ಕವೇ ಅದಕ್ಕೆ ಇಲ್ಲ. ಲಿಖಿತದ ವೇಷ ಹಾಕಿದ್ದು, ಹಿಂದೆ ಕಾಗದವಿಲ್ಲ.

2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಕೋರ್ಟೊಂದು ಇಂಥ ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ನಮ್ಮ ರಾಜ್ಯಕ್ಕೆ ಇದು ಬರಲು ಎರಡು ವರ್ಷವೂ ಬೇಕಾಗಲಿಲ್ಲ. 2024ರ ಡಿಸೆಂಬರ್ ಕೊನೆಗೆ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಒಂದು ಆದೇಶ ಕೊಟ್ಟಿತು, ಅದರಲ್ಲಿದ್ದ ಕೆಲವು ತೀರ್ಪುಗಳು ಅಸ್ತಿತ್ವದಲ್ಲೇ ಇರಲಿಲ್ಲ. ಸ್ವಲ್ಪ ದಿನದಲ್ಲೇ ಆದೇಶವನ್ನು ಹಿಂದಕ್ಕೆ ಪಡೆದರು. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆರ್. ದೇವದಾಸ್ ಅವರ ಮುಂದೆ ಇನ್ನೂ ಗಂಭೀರವಾದ ಸಂಗತಿ ಬಂತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಆದೇಶವೊಂದರಲ್ಲಿ ಸುಪ್ರೀಂ ಕೋರ್ಟ್ ಎಂದೂ ಕೊಡದ ತೀರ್ಪುಗಳನ್ನು ಆಧಾರವಾಗಿ ತೋರಿಸಲಾಗಿತ್ತು. ಅವನ್ನು ತಾವು ಕೊಟ್ಟೇ ಇಲ್ಲ ಎಂದರು ವಕೀಲರು. ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿ, ಮುಂದಿನ ಕ್ರಮಕ್ಕಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಹೇಳಿತು. ಅದೇ ವರ್ಷ ಜುಲೈನಲ್ಲಿ ಕೇರಳ ಹೈಕೋರ್ಟ್ ತನ್ನ ಜಿಲ್ಲಾ ಕೋರ್ಟುಗಳಿಗೆ ನೀತಿಯೊಂದನ್ನು ಹೊರಡಿಸಿ, ತೀರ್ಮಾನ ಮಾಡಲು ಎಐ ಬಳಸಕೂಡದು ಎಂದಿತು.

ಬೆಂಗಳೂರಿನ ಎರಡೂ ಪ್ರಸಂಗದಲ್ಲಿ ಎದುರಾದದ್ದು ದೊಡ್ಡ ಹಣದವರು, ದೊಡ್ಡ ವಕೀಲರು. ಆದ್ದರಿಂದ ಯಾರೋ ಹುಡುಕಿ ನೋಡಿದರು, ಇಲ್ಲ ಎಂದು ಹಿಡಿದರು. ಎರಡು ಎಕರೆಯ ದಾವೆಯಲ್ಲಿ ಹಾಗೆ ಹುಡುಕುವವರು ಯಾರು? ನನಗೆ ಹೆದರಿಕೆ ಇರುವುದು ಇಲ್ಲಿ. ಪಹಣಿಯ ನಮೂದು ತಪ್ಪಾದರೆ ತಕರಾರು ಹಾಕಲು ನೋಟಿಸಿನ ಅವಧಿ ಇದೆ, ಉಪವಿಭಾಗಾಧಿಕಾರಿಗೆ ಅಪೀಲು ಇದೆ, ಅದರ ಮೇಲೆ ಜಿಲ್ಲಾಧಿಕಾರಿ ಇದ್ದಾರೆ. ಕೊನೆಗೆ ನಮೂದು ಮಾಡಿದವರ ಬೆರಳಚ್ಚೂ ಇದೆ. ಎಐ ಹೇಳಿದ ಮಾತಿಗೆ ರುಜುವೇ ಇಲ್ಲ. ಅದನ್ನು ಕೋರ್ಟಿನ ಕಾಗದಕ್ಕೆ ಇಳಿಸಿದ ಮನುಷ್ಯನೇ ಅದಕ್ಕೆ ಹೊಣೆ.

ಜೊತೆಗೆ ಈಗ ರೈತರೇ ಫೋನಿನಲ್ಲಿ ಎಐ ಕೇಳುತ್ತಿದ್ದಾರೆ. ಪೌತಿ ಖಾತೆ ಹೇಗೆ, ತಂಗಿಗೆ ಪಾಲು ಕೊಡಬೇಕಾ, ದಾರಿ ಬಿಡದಿದ್ದರೆ ಏನು ಮಾಡಬೇಕು. ಕೇಳುವುದರಲ್ಲಿ ತಪ್ಪಿಲ್ಲ. ಯಾವ ಕಚೇರಿಗೆ ಹೋಗಬೇಕು, ಏನೇನು ಕಾಗದ ಒಯ್ಯಬೇಕು ಎಂಬಷ್ಟಕ್ಕೆ ಅದು ಉಪಯೋಗಕ್ಕೂ ಬರುತ್ತದೆ. ಆದರೆ ಭೂಮಿಯ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕನ್ನಡದಲ್ಲಿ ಅದು ಓದಿದ ಬರಹವೂ ಕಡಿಮೆ. ಮಹಾರಾಷ್ಟ್ರದ್ದೋ ಉತ್ತರ ಪ್ರದೇಶದ್ದೋ ನಿಯಮವನ್ನು ನಮ್ಮದೆಂದು ಹೇಳಿಬಿಟ್ಟರೆ ಕೇಳುವವನಿಗೆ ಗೊತ್ತಾಗುವುದಿಲ್ಲ. ಸೆಕ್ಷನ್ ಹೇಳಿತೇ, ಅದು 1964ರ ಕರ್ನಾಟಕ ಕಾಯ್ದೆಯದೇ ಎಂದು ನೋಡಿ. ತೀರ್ಪಿನ ಹೆಸರು ಹೇಳಿತೇ, ನಂಬರ್ ಕೇಳಿ.

ಆ ನಂಬರನ್ನು ಪರೀಕ್ಷಿಸುವುದು ಈಗ ಫೋನಿನಲ್ಲೇ ಆಗುವ ಕೆಲಸ. ಸುಪ್ರೀಂ ಕೋರ್ಟಿನ ಈಚಿನ ತೀರ್ಪುಗಳಿಗೆ ವರ್ಷ, ‘ಐಎನ್ಎಸ್‌ಸಿ’, ಸಂಖ್ಯೆ ಎಂಬ ಗುರುತಿದೆ. 2023ರ ಜನವರಿಯಿಂದ ಇ-ಎಸ್‌ಸಿಆರ್ ತಾಣದಲ್ಲಿ ತೀರ್ಪುಗಳು ಪುಕ್ಕಟೆ ಸಿಗುತ್ತವೆ. 2008ರಿಂದ ಇರುವ ‘ಇಂಡಿಯನ್ ಕಾನೂನ್’ ತಾಣದಲ್ಲೂ ಹುಡುಕಬಹುದು. ಕರ್ನಾಟಕ ಹೈಕೋರ್ಟಿನದಾದರೆ ವರ್ಷದ ಪಕ್ಕ ‘ಕೆಎಚ್‌ಸಿ’ ಎಂದಿರುತ್ತದೆ. ನಮ್ಮ ಜಿಲ್ಲೆಯ ಅಪೀಲು ಹೋಗುವುದು ಬೆಂಗಳೂರು ಪೀಠಕ್ಕೆ, ಆದ್ದರಿಂದ ನಮ್ಮ ಕೇಸಿನ ತೀರ್ಪಿಗೆ ಬರೀ ‘ಕೆಎಚ್‌ಸಿ’. ಗಡಿಯಾಚೆ ಹಾವೇರಿ ಜಿಲ್ಲೆಯವರದು ಧಾರವಾಡ ಪೀಠ, ಅದಕ್ಕೆ ‘ಕೆಎಚ್‌ಸಿ-ಡಿ’. ಹೊನ್ನಾಳಿಯ ಹೊಲದ ಕೇಸಿನಲ್ಲಿ ಹೈಕೋರ್ಟ್ ಹೀಗೆ ಹೇಳಿದೆ ಎಂದು ಯಾರಾದರೂ ‘ಡಿ’ ಇರುವ ನಂಬರ್ ತೋರಿಸಿದರೆ ಒಂದು ಕ್ಷಣ ನಿಂತು ಕೇಳಿ. ಎಲ್ಲೂ ಸಿಗದಿದ್ದರೆ ಆ ತೀರ್ಪಿನ ಸರ್ಟಿಫೈಡ್ ಕಾಪಿ ತರಿಸಲು ಹೇಳಿ. ಇಲ್ಲದ ತೀರ್ಪಿಗೆ ಆ ನಕಲು ಸಿಗುವುದಿಲ್ಲ.